ಗೋಡೆ ಕೇಳುವ ಹಲ್ಲು

ಆ ಕಟ್ಟಡದ ನಾಲ್ಕನೇ ಮಹಡಿಗೆ ನೀರು ಏರುವುದೆಂದರೆ ಬಸುರಿ ಆನೆ ಏಣಿ ಹತ್ತಿದ ಹಾಗೆ. ಬೆಳಿಗ್ಗೆ ಐದೂವರೆಗೆ ನಲ್ಲಿ ಒಮ್ಮೆ ಕೆಮ್ಮುತ್ತಿತ್ತು, ಎರಡು ಸಲ ಸೀನುತ್ತಿತ್ತು, ಆಮೇಲೆ ದಾರದೆಳೆಯಷ್ಟು ನೀರು ಬಿಟ್ಟು ಮಹೋಪಕಾರ ಮಾಡಿದವರ ಮುಖ ಮಾಡಿಕೊಂಡು ನಿಂತುಬಿಡುತ್ತಿತ್ತು. ಆ ಎಳೆಯನ್ನೇ ಹನ್ನೊಂದು ವರ್ಷ ಬಕೆಟ್ಟಿಗೆ ಸುತ್ತಿಕೊಂಡು ಸಂಸಾರ ಮಾಡಿದವಳು ಆ ಮನೆಯ ಸೊಸೆ. ಅವಳು ಹತ್ತಿಸಿದ ಬಕೆಟ್ಟುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಚಂದ್ರನಿಗೆ ತಗುಲಿ ಅದು ಒಂದಿಷ್ಟು ಆಚೆ ಸರಿಯುತ್ತಿತ್ತು.

ತಮಾಷೆಯೆಂದರೆ ಅವಳ ಉದ್ಯೋಗವೇ ನೀರು. ದೊಡ್ಡಾಸ್ಪತ್ರೆಯ ಲಾಂಡ್ರಿಯ ಮೇಲ್ವಿಚಾರಕಿ. ದಿನಕ್ಕೆ ಒಂಬೈನೂರು ಹಾಸಿಗೆ ಬಟ್ಟೆ, ಆರುನೂರು ದಿಂಬಿನ ಚೀಲ. ಅಲ್ಲಿ ಒಂದೊಂದು ಯಂತ್ರ ಒಂದೊಂದು ಕೆರೆ ಕುಡಿಯುತ್ತಿತ್ತು. ಸಂಜೆ ಮನೆಗೆ ಬಂದರೆ ಅದೇ ಕೈ ಒಂದು ಲೋಟ ನೀರಿನಲ್ಲಿ ಮುಖ, ಕೈ, ಕಾಲು ಮೂರನ್ನೂ ತೊಳೆದು, ಉಳಿದದ್ದನ್ನು ಗಿಡಕ್ಕೆ ಹಾಕಬೇಕು.

"ಇನ್ನು ನನ್ನ ಕೈಲಾಗಲ್ಲ ರೀ. ಮನೆ ಕೊಳ್ಳೋಣ," ಎಂದಳು ಒಂದು ಸಂಜೆ, ಸೂಪಿನ ಪಾತ್ರೆ ಮೇಜಿನ ಮೇಲೆ ಕುಕ್ಕಿ.

ಗಂಡ ಬಣ್ಣದಂಗಡಿಯವನು. ಅಂಗಡಿಗೆ ಬಂದವರು ಎಂಥ ಬಣ್ಣ ಬೇಕೆಂದು ಬಾಯಿ ತೆರೆಯುವ ಮೊದಲೇ ಕಲಸಿ ಮುಗಿಸುವಷ್ಟು ಜಾಣ ಎಂದು ಅವನೇ ಹೇಳಿಕೊಳ್ಳುತ್ತಿದ್ದ. "ನಾನೂ ಅದನ್ನೇ ಯೋಚಿಸ್ತಿದ್ದೆ ಕಣೇ. ಒಂದೇ ಸಲ ಕೊಳ್ಳೋದು. ಸಾಯೋವರೆಗೂ ಇರೋ ಹಾಗಿರಬೇಕು."

"ನನಗೊಂದು ರೂಮು," ಎಂದಳು ಕಾಲೇಜಿನ ಮಗಳು. ಅವಳು ನಡುಮನೆಯ ದಿವಾನದ ಮೇಲೆ ಮಲಗುತ್ತಿದ್ದಳು. ಆಚೆ ಬದಿಯ ಮಂಚದಲ್ಲಿ ತಾತ. ಅವರ ಗೊರಕೆಗೆ ಗೋಡೆಯ ಕ್ಯಾಲೆಂಡರು ಒಂದು ತಿಂಗಳು ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು.

ತಾತ, ಅಂದರೆ ಸೊಸೆಯ ಮಾವ, ಸಾಮಾನ್ಯ ಆಸಾಮಿಯಲ್ಲ. ನೀರಿನ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅವರಿಗಿದ್ದದ್ದು ಒಂದೇ ಕೆಲಸ: ಊರು ಏಳುವ ಮೊದಲು ರಸ್ತೆಗೆ ಒಂದು ಕಬ್ಬಿಣದ ಸರಳು ಊರಿ, ಅದರ ಮೇಲ್ತುದಿಯ ಉರುಟು ಹಿತ್ತಾಳೆ ಗುಬಟಿಗೆ ಕಿವಿಯಿಟ್ಟು, ನೆಲದೊಳಗಿನ ಕೊಳವೆ ಎಲ್ಲಿ ಸೋರುತ್ತಿದೆಯೆಂದು ಕೇಳುವುದು. ಅವರು "ಇಲ್ಲಿ ಅಗೀರಿ" ಎಂದರೆ ಅಲ್ಲಿಯೇ ನೀರು. ಒಂದು ಗೇಣು ಆಚೆ ಅಲ್ಲ, ಈಚೆ ಅಲ್ಲ. ಒಮ್ಮೆ ಅವರು ತೋರಿಸಿದ ಜಾಗದಲ್ಲಿ ಸೋರಿಕೆ ಇರಲಿಲ್ಲವಂತೆ. ಗುಂಡಿ ತೋಡಿ ಹದಿನೈದು ನಿಮಿಷ ಕಾದರು, ಶುರುವಾಯಿತಂತೆ. ಊರೆಲ್ಲ ಅವರನ್ನು ಕರೆಯುವುದೇ ಕಿವಿತಾತ ಎಂದು. ನಿವೃತ್ತಿಯ ದಿನ ಇಲಾಖೆ ಗಡಿಯಾರ ಕೊಡದೆ, ಆ ಸರಳಿಗೇ ರಿಬ್ಬನ್ನು ಕಟ್ಟಿ ಕೊಟ್ಟಿತ್ತು.

"ಯಾವ ಮನೆಯಾದ್ರೂ ನೋಡ್ಕೊಳ್ಳಿ," ಎಂದರು ಮಾವ ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತ. "ಸರಳು ಇಡದೆ ಮುಂಗಡ ಕೊಡಬೇಡಿ."

ಎಂಟು ಮನೆ ನೋಡಿ, ಆರನ್ನು ಬೈದು, ಎರಡಕ್ಕೆ ಬಂದು ನಿಂತರು.

ಮೊದಲನೆಯದು ನಲವತ್ತಾರು ವರ್ಷದ್ದು. ಅದರ ಒಡತಿ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು, ತಂಗಿಯ ಊರಿಗೆ ಹೊರಟಿದ್ದಳು. ಜೀವಮಾನವೆಲ್ಲ ಪಾರ್ಸೆಲ್ಲಿಗೆ ಚೀಟಿ ಕಟ್ಟಿದ ಕೈ, ಮನೆಯನ್ನೂ ಬಿಟ್ಟಿರಲಿಲ್ಲ. ಪ್ರತಿ ನಲ್ಲಿ, ಪ್ರತಿ ವಾಲ್ವು, ಪ್ರತಿ ತಿರುವಿಗೂ ದಾರದಲ್ಲಿ ಒಂದು ದಪ್ಪ ರಟ್ಟಿನ ಚೀಟಿ: "ವಾಷರ್ ಹೊಸದು", "ಈ ತಿರುವು ಬದಲಾಯಿಸಿದೆ", "ಚಳಿಗಾಲದಲ್ಲಿ ಅರ್ಧ ಸುತ್ತು ಸಡಿಲಿಸಿ", ಕೆಳಗೆ ತಾರೀಖು. ಕೊಳವೆಗಳೆಲ್ಲ ಗೋಡೆಯ ಹೊರಗೆ, ಮುದುಕರ ಕೈಯ ನರಗಳ ಹಾಗೆ ಎದ್ದು ಕಾಣುತ್ತಿದ್ದವು. ಗಾಳಿ ಬೀಸಿದರೆ ಚೀಟಿಗಳೆಲ್ಲ ಒಟ್ಟಿಗೆ ಅಲ್ಲಾಡಿ, ಮನೆಯೇ ಎಲ್ಲಿಗೋ ಪಾರ್ಸೆಲ್ಲಾಗಿ ಹೊರಟ ಹಾಗಿತ್ತು.

ಸೊಸೆ ಎಲ್ಲಿಗೆ ಹೋದರೂ ತನ್ನದೊಂದು ಪರೀಕ್ಷೆ ಮಾಡುತ್ತಿದ್ದಳು. ನಲ್ಲಿಯ ಬಾಯಿಗೆ ಬಿಳೀ ದಿಂಬಿನ ಚೀಲ ಕಟ್ಟಿ ಹತ್ತು ನಿಮಿಷ ನೀರು ಬಿಟ್ಟು ನೋಡುವುದು. ಅಲ್ಲಿ ಉಳಿದ ನಲ್ಲಿಗಳು ಶುದ್ಧ; ಅಡುಗೆಮನೆಯ ಚೀಲದಲ್ಲಿ ಮಾತ್ರ ತುಕ್ಕಿನ ಕಂದು ಕಲೆ ಬಿತ್ತು. ನೀರೂ ಸಣ್ಣ. ಅವಳ ಮುಖ ಇಳಿಯಿತು.

"ಹೌದಮ್ಮ, ಬೀದಿಯಿಂದ ಅಡುಗೆಮನೆಗೆ ಬರೋ ಕೊಳವೆ ಇನ್ನೂ ಹಳೇ ಕಬ್ಬಿಣದ್ದೇ," ಎಂದಳು ಒಡತಿ, ಕೇಳುವ ಮೊದಲೇ. "ಅದೊಂದು ನನ್ನಿಂದ ಆಗಲಿಲ್ಲ. ನೋಡು, ಚೀಟಿ ಬರೆದಿದೀನಿ." ಬರೆದಿದ್ದಳು: "ಇದು ಬಾಕಿ."

ಎರಡನೆಯದು ಮೂರೇ ವರ್ಷದ ಮನೆ. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಮಗಳು ಅದರಲ್ಲಿ ಬೈತಲೆ ತೆಗೆದುಕೊಂಡಳು. ಕೊಳವೆಗಳ ಸುಳಿವೇ ಇಲ್ಲ, ಎಲ್ಲ ಗೋಡೆಯೊಳಗೆ. ಸೊಸೆ ಅಡುಗೆಮನೆಯ ನಲ್ಲಿ ತಿರುಗಿಸಿದಳು. ನೀರು ಬಂದ ರಭಸಕ್ಕೆ ದಿಂಬಿನ ಚೀಲ ಗಾಳಿಪಟವಾಯಿತು. ಒಳಗೆ ಒಂದು ಚುಕ್ಕೆ ಕಲೆಯಿಲ್ಲ. ಅವಳಿಗೆ ಆ ನಲ್ಲಿಯನ್ನು ತಬ್ಬಿಕೊಂಡು ಅತ್ತುಬಿಡೋಣ ಅನ್ನಿಸಿತು.

ಮಲಗುವ ಕೋಣೆಯಲ್ಲಿ ಗಂಡ ಕೂಗಿಕೊಂಡ. "ಲೇ! ಬಾರೇ ಇಲ್ಲಿ! ಈ ಗೋಡೆ ನೋಡು. ಹಾಲಿಗೆ ಒಂದೇ ಹನಿ ಕಾಫಿ ಬಿದ್ದ ಬಣ್ಣ. ಈ ಊರಲ್ಲಿ ಇದನ್ನ ಹೀಗೆ ಕಲಸೋನು ಒಬ್ಬನೇ!"

"ಯಾರಪ್ಪ?" ಎಂದಳು ಮಗಳು, ಗೊತ್ತಿದ್ದೂ.

"ನಾನೇ! ನನ್ನ ಅಂಗಡಿ ಬಣ್ಣ! ಹೋದ ತಿಂಗಳೇ ಕಲಸಿಕೊಟ್ಟಿದ್ದು. ನಮ್ಮ ಮನೆ ನಮಗಾಗಿ ಕಾಯ್ತಾ ಇತ್ತು ಅನ್ನು." ಗೋಡೆಯನ್ನು ಕುದುರೆಯ ಕತ್ತು ಸವರಿದ ಹಾಗೆ ಸವರಿದ.

ಮಾವ ಸರಳು ಹಿಡಿದು ಬಂದರು. "ಎಲ್ಲರೂ ಆಚೆ ಹೋಗಿ. ಉಸಿರು ಕೂಡ ಬೇಡ." ಅದು ಅವರ ಪದ್ಧತಿ, ಕೆಲಸ ಮಾಡುವಾಗ ಯಾರೂ ನೋಡಕೂಡದು. ಬಾಗಿಲು ಹಾಕಿಕೊಂಡು ಕಾಲು ಗಂಟೆ ಬಿಟ್ಟು ಬಂದವರು ಹೇಳಿದ್ದು ಒಂದೇ ಮಾತು: "ಈ ಗೋಡೆ ಒಳಗಡೆ ಅಳ್ತಾ ಇದೆ."

ಮನೆ ತೋರಿಸಲು ಬಂದಿದ್ದ ಬ್ರೋಕರ್ ನಕ್ಕ. "ಹೊಸ ಮನೆ ಯಜಮಾನ್ರೇ, ಅದಕ್ಕೇನು ದುಃಖ?"

"ಹಳೇ ಮನೆ ಕಾಯಿಲೆ ಮುಖದ ಮೇಲಿದೆ. ಇದರ ಕಾಯಿಲೆ ಹೊಟ್ಟೇಲಿದೆ. ಬೇಡ," ಎಂದು ಮಾವ ಚಪ್ಪಲಿ ಮೆಟ್ಟಿದರು.

ಆ ವಾರ ಮನೆಯಲ್ಲಿ ಪಾತ್ರೆಗಳೂ ಮುನಿಸಿನಿಂದಲೇ ಸದ್ದು ಮಾಡಿದವು. ಗಂಡ ಸಪ್ಪಗಾದ. ಅಪ್ಪನ ಕಿವಿಗೆ ಎದುರು ಹೇಳುವ ಎದೆ ಅವನಿಗಿರಲಿಲ್ಲ. ಸೊಸೆ ಬೆಳಿಗ್ಗೆ ಬಕೆಟ್ಟು ಹಿಡಿದು ನಿಂತಾಗಲೆಲ್ಲ ಆ ರಭಸದ ನಲ್ಲಿ ಕಣ್ಣ ಮುಂದೆ ಬಂದು ಅಣಕಿಸುತ್ತಿತ್ತು. ಬ್ರೋಕರ್ ದಿನಕ್ಕೆರಡು ಸಲ ಫೋನು ಮಾಡಿ, ಬೇರೆ ಗಿರಾಕಿ ಬಾಗಿಲಲ್ಲೇ ನಿಂತಿದ್ದಾರೆ, ಭಾನುವಾರ ಸಂಜೆಯೊಳಗೆ ಮುಂಗಡ ಕೊಡದಿದ್ದರೆ ಕೈ ಬಿಡುತ್ತದೆ ಎಂದ.

ಬುಧವಾರ ಬೆಳಿಗ್ಗೆ ಕೆಟಲು ಗುಟ್ಟು ರಟ್ಟು ಮಾಡಿತು. ಅದು ಸಾಧಾರಣ ಕೆಟಲಲ್ಲ. ಶಿಳ್ಳೆ ಹಾಕಿದರೆ ಎದುರು ಕಟ್ಟಡದವರು ತಮ್ಮ ಒಲೆ ಆರಿಸುತ್ತಿದ್ದರು. ಸೊಸೆ ಸ್ನಾನದ ಮನೆಯಲ್ಲಿದ್ದಳು, ಮಗಳು ತಲೆ ಒರೆಸಿಕೊಳ್ಳುತ್ತಿದ್ದಳು. ಕೆಟಲು ಕಿರುಚಿತು, ಕಿರುಚುತ್ತಲೇ ಇತ್ತು. ಮಗಳು ಓಡಿಬಂದು ನೋಡಿದರೆ, ಅದರಿಂದ ಎರಡೇ ಅಡಿ ದೂರದಲ್ಲಿ ತಾತ ಬೆನ್ನು ಹಾಕಿ ಕೂತು ನೆಮ್ಮದಿಯಾಗಿ ಪೇಪರು ಓದುತ್ತಿದ್ದಾರೆ.

ತಿಂಡಿಯ ಹೊತ್ತಿಗೆ ಮಗಳು ಮೊಟ್ಟೆ ಸುಲಿಯುತ್ತ, ತಾತನ ಬೆನ್ನ ಹಿಂದೆ ನಿಂತು, ಕೇಳಿಸುವಂತೆಯೇ ಅಂದಳು: "ಅಪ್ಪ, ತಾತನಿಗೆ ಕಿವಿ ಕೇಳಲ್ಲ."

ಮಾವ ಮೊಟ್ಟೆಗೆ ಉಪ್ಪು ಹಾಕಿಕೊಂಡರು.

ಗಂಡ ತಟ್ಟೆಯನ್ನು ಚಮಚದಿಂದ ಢಣ್ಣನೆ ಬಾರಿಸಿದ. ಮಾವ ಮೆಣಸಿನಪುಡಿಗೆ ಕೈ ಚಾಚಿದರು. ಆಗ ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು; ಅದನ್ನು ನೋಡಿದ ಮಾವನಿಗೂ ಅರ್ಥವಾಯಿತು.

"ಏನು, ಮೂರೂ ಜನ ಹೀಗ್ ನೋಡ್ತಿದೀರಿ?"

ಗಂಡ ಎದುರಿಗೆ ಬಂದ. "ಅಪ್ಪ, ಎಷ್ಟು ವರ್ಷ ಆಯ್ತು?"

"ಏನು?"

"ಕಿವಿ ಹೋಗಿ."

"ಕಿವಿ ಎಲ್ಲಿಗೂ ಹೋಗಿಲ್ಲ. ಇಲ್ಲೇ ಎರಡೂ ಇವೆ."

"ಹಾಗಾದ್ರೆ ಗೋಡೆ ಅಳ್ತಿದೆ ಅಂತ ಹೇಗ್ ಹೇಳಿದ್ರಿ? ನಾವು ಜೀವಮಾನದ ಮನೆ ಕೊಳ್ತಿದೀವಿ, ನೀವು ಸುಮ್ನೆ ಬಾಯಿಗೆ ಬಂದದ್ದು ಹೇಳೋದಾ?"

ಮಾವನ ಮುಖ ಕೆಂಪಗಾಯಿತು. ಕೆಂಪೆಂದರೆ ಎಂಥ ಕೆಂಪು, ಬಣ್ಣದಂಗಡಿಯಲ್ಲೂ ಆ ಡಬ್ಬ ಸಿಗುತ್ತಿರಲಿಲ್ಲ. "ನನ್ನ ಮಾತಿಗೆ ಬೆಲೆ ಇಲ್ಲದ ಮೇಜಿನಲ್ಲಿ ನಾನು ತಿನ್ನಲ್ಲ," ಎಂದು ತಟ್ಟೆ ಎತ್ತಿಕೊಂಡು ಹೋಗಿ ಮಂಚದ ಮೇಲೆ ಕೂತು ತಿಂದರು. ಬಿಟ್ಟರೆ ಮೊಟ್ಟೆ ತಣ್ಣಗಾಗುತ್ತಿತ್ತಲ್ಲ.

"ಇನ್ನೇನು, ಭಾನುವಾರ ಮುಂಗಡ," ಎಂದ ಗಂಡ. ಅವನ ಬೆನ್ನು ಮೂರು ಇಂಚು ಎತ್ತರವಾಗಿತ್ತು.

ಸೊಸೆ ಹೂಂ ಅಂದಳು. ಅಂದವಳಿಗೆ ಖುಷಿಯೇ ಆಗಬೇಕಿತ್ತು. ಆ ನಲ್ಲಿ ಇನ್ನು ತನ್ನದು. ಆದರೂ ಲಾಂಡ್ರಿಯಲ್ಲಿ ದಿನವಿಡೀ ಮನಸ್ಸು ಕುಟುಕಿತು. ಬಿಳೀ ಬಟ್ಟೆಯಲ್ಲಿ ಕಾಣದ ಕಲೆಯೂ ಇಸ್ತ್ರಿಯ ಬಿಸಿಗೆ ಎದ್ದುಬರುವುದನ್ನು ಅವಳು ಸಾವಿರ ಸಲ ನೋಡಿದ್ದಳು.

ಮಾವನ ಅಸಹಕಾರ ಮೂರು ದಿನ ನಡೆಯಿತು. ಊಟ ಮಂಚದ ಮೇಲೆ, ಟೀ ಕಿಟಕಿಯ ಹತ್ತಿರ, ಮಾತು ಯಾರೊಂದಿಗೂ ಇಲ್ಲ. ಶನಿವಾರ ಸೊಸೆ ಮಂಚದ ಕೆಳಗೆ ಗುಡಿಸುತ್ತಿದ್ದಾಗ ಸರಳು ಉರುಳಿ ಬಂತು. ಧೂಳು ಒರೆಸೋಣವೆಂದು ಎತ್ತಿಕೊಂಡವಳು ಹಿತ್ತಾಳೆ ಗುಬಟಿಯನ್ನು ಬೆಳಕಿಗೆ ಹಿಡಿದಳು. ಒಂಬೈನೂರು ಬಟ್ಟೆಯಲ್ಲಿ ಒಂದು ಹರಕು ಕಂಡುಹಿಡಿಯುವ ಕಣ್ಣದು. ಗುಬಟಿಯ ಅಂಚಿನಲ್ಲಿ ಮೇಲೊಂದು ಸಾಲು, ಕೆಳಗೊಂದು ಸಾಲು, ಸಣ್ಣ ಸಣ್ಣ ಗುಳಿಗಳು. ಮಗಳು ಚಿಕ್ಕವಳಿದ್ದಾಗ ಪೆನ್ಸಿಲಿನ ತುದಿಯಲ್ಲಿ ಇರುತ್ತಿದ್ದವಲ್ಲ, ಥೇಟ್ ಹಾಗೆ.

ಅವಳು ಮಾವನ ಎದುರಿಗೆ ಹೋಗಿ, ತುಟಿ ಕಾಣುವಂತೆ ನಿಂತಳು. "ಮಾವ, ಇದನ್ನ ಯಾರು ಕಚ್ಚಿದ್ದು?"

ಮಾವ ಕಿಟಕಿಯ ಕಡೆ ತಿರುಗಿದರು. ಅವಳೂ ಸುತ್ತಿ ಕಿಟಕಿಯ ಕಡೆ ಹೋದಳು. ಅವರು ಬಾಗಿಲ ಕಡೆ ತಿರುಗಿದರು. ಅವಳೂ ತಿರುಗಿದಳು. ಹೀಗೆ ಎರಡು ಸುತ್ತು ಆದ ಮೇಲೆ ಮಾವ ಸೋತು ನಕ್ಕುಬಿಟ್ಟರು.

"ಕೂತ್ಕೋ ಮಹರಾಯ್ತಿ. ತಲೆ ಸುತ್ತುತ್ತೆ."

ಕೂತಳು.

"ನಿವೃತ್ತಿಗೆ ಐದು ವರ್ಷ ಇರುವಾಗ್ಲೇ ಕಿವಿ ಪರದೆ ಹೋಯ್ತಮ್ಮ. ಜೀವಮಾನವೆಲ್ಲ ಗುಂಡಿಯ ಕೊಳೆ ನೀರು ಕಿವಿಗೆ ಹೋಗಿ ಕೀವಾಗಿತ್ತು. ಡಾಕ್ಟ್ರು ಅಂದ್ರು, ಒಳಗಿನ ನರ ಚೆನ್ನಾಗಿದೆ, ಹೊರಗಿನ ಬಾಗಿಲು ಮಾತ್ರ ಮುಚ್ಚಿದೆ ಅಂತ. ಒಂದಿನ ಸುಮ್ನೆ ಸರಳು ಕಚ್ಚಿ ನೋಡಿದೆ. ಮೂಳೆ ಒಳಗಿಂದ ನೀರು ಮಾತಾಡ್ತು! ಕಿವಿಗಿಂತ ಚೆನ್ನಾಗಿ. ಆಮೇಲೆ ಐದು ವರ್ಷ ಹಲ್ಲಿನಲ್ಲೇ ಕೆಲಸ ಮಾಡಿದೆ. ಎದುರಿಗಿದ್ದೋರ ತುಟಿ ನೋಡಿ ಮಾತು ಹಿಡೀತಿದ್ದೆ, ಯಾರಿಗೂ ಹೇಳಲಿಲ್ಲ."

"ಯಾಕೆ?"

"ಕಿವಿತಾತ ಅಂತಾರೆ ನನ್ನ. ಹಲ್ಲುತಾತ ಅನ್ನಿಸ್ಕೊಳ್ಳೋದಾ?"

ಸೊಸೆಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಕೇಳಿದಳು: "ಆ ಗೋಡೆ ನಿಜವಾಗ್ಲೂ ಅಳ್ತಿದೆಯಾ ಮಾವ?"

"ನಿನಗೆ ಆ ನಲ್ಲಿ ಎಷ್ಟು ಇಷ್ಟ ಅಂತ ನಾನು ನೋಡಿದೀನಮ್ಮ. ಸುಳ್ಳು ಹೇಳೋದಾದ್ರೆ ಚೆನ್ನಾಗಿದೆ ಅಂತ್ಲೇ ಹೇಳ್ತಿದ್ದೆ."

ಭಾನುವಾರ ಬೆಳಿಗ್ಗೆ ಸೊಸೆ ಟೀ ಕೊಡುವ ಮೊದಲೇ ವಿಷಯ ಇಟ್ಟಳು. ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಲ್ಲಲ್ಲಿ ಕೇಳೋದಾ? ಹಾಗಾದ್ರೆ ಕಿವೀಲಿ ಊಟ ಮಾಡ್ತಾರಾ?"

"ಪರೀಕ್ಷೆ ಮಾಡಿ ನೋಡಿ ರೀ. ಕೆಳಗೆ ಹೋಗಿ, ಯಾವ ಮನೇಲಾದ್ರೂ ಯಾವ ನಲ್ಲಿಯಾದ್ರೂ ಬಿಡಿ. ನನಗೂ ಹೇಳ್ಬೇಡಿ. ಮಾವ ಹೇಳ್ತಾರೆ."

"ತಪ್ಪು ಹೇಳಿದ್ರೆ?"

"ಸಂಜೆ ನಾನೇ ನಿಮ್ಮ ಜೊತೆ ಬಂದು ಸಹಿ ಹಾಕ್ತೀನಿ."

ಗಂಡ ಮೆಟ್ಟಿಲಿಳಿದು ಹೋದ. ಮಾವ ಅಡುಗೆಮನೆಯ ಕೊಳವೆಗೆ ಸರಳಿನ ತುದಿ ಒತ್ತಿ, ಗುಬಟಿ ಕಚ್ಚಿ, ಕಣ್ಣು ಮುಚ್ಚಿದರು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಸೊಸೆ ನಗಲಿಲ್ಲ. ಜೀವಮಾನದ ಮನೆ ಈಗ ಮಾವನ ನಾಲ್ಕು ಹಲ್ಲಿನ ನಡುವೆ ಇತ್ತು, ಅದರಲ್ಲಿ ಎರಡು ಕಟ್ಟಿಸಿದವು.

"ತೀರಾ ಕೆಳಗಿನ ಮನೆ," ಎಂದರು ಮಾವ ಸರಳು ಬಿಟ್ಟು. "ಅಡುಗೆಮನೇದಲ್ಲ, ಹಿಂದುಗಡೆ ನಲ್ಲಿ. ಅರ್ಧ ಸುತ್ತು ಬಿಟ್ಟಿದಾನೆ, ಜಿಪುಣ."

ಮಗಳು ಫೋನು ಹಚ್ಚಿದಳು. "ಅಪ್ಪ, ಕೆಳಗೆ ಕ್ಷೌರದವರ ಮನೇಲಿ ಹಿಂದಿನ ನಲ್ಲಿ, ಅರ್ಧ ಸುತ್ತು." ಆಚೆಯಿಂದ ನಲ್ಲಿ ಕಿರ್ರನೆ ಮುಚ್ಚಿದ ಸದ್ದು. ಆಮೇಲೆ, "ಯಾರೋ ಹೇಳಿರ್ಬೇಕು. ಇನ್ನೊಂದು ಸಲ."

ಈ ಸಲ ಗಂಡ ಕುತಂತ್ರ ಮಾಡಿದ. ಯಾವ ನಲ್ಲಿಯನ್ನೂ ಬಿಡದೆ ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೈಕಟ್ಟಿ ಕೂತ.

ಮಾವ ಕಚ್ಚಿದರು. ಬಹಳ ಹೊತ್ತು ಕಚ್ಚಿದರು. ಹುಬ್ಬು ಗಂಟಿಕ್ಕಿತು. "ಏನೂ ಬಿಟ್ಟಿಲ್ಲ. ಸುಮ್ನೆ ಕೂತಿದಾನೆ, ಕಳ್ಳ. ಆದ್ರೆ ಮೂರನೇ ಮಹಡೀಲಿ ಕಕ್ಕಸಿನ ಫ್ಲಷ್ ಟ್ಯಾಂಕು ಒಂದೇ ಸಮ ಸೋರ್ತಾ ಇದೆ. ನಮ್ಮ ನೀರೆಲ್ಲ ಅಲ್ಲೇ ಹೋಗ್ತಿರೋದು."

ಮೂರನೇ ಮಹಡಿಯಲ್ಲಿ ಇದ್ದವನು ಡ್ರೈವಿಂಗ್ ಕಲಿಸುವವನು. ಗಂಡ, ಮಗಳು, ಸಾಬೂನು ಮೆತ್ತಿದ ಗಿರಾಕಿಯನ್ನು ಬಿಟ್ಟು ಕುತೂಹಲಕ್ಕೆ ಬಂದ ಕ್ಷೌರದವನು, ಕುತ್ತಿಗೆಗೆ ಟವೆಲು ಸುತ್ತಿದ್ದ ಆ ಗಿರಾಕಿ, ಎಲ್ಲರೂ ಅವನ ಕಕ್ಕಸಿಗೆ ನುಗ್ಗಿದರು. ಟ್ಯಾಂಕಿನ ಮುಚ್ಚಳ ತೆಗೆದರೆ ಒಳಗಿನ ರಬ್ಬರು ಹರಿದು, ನೀರು ಸದ್ದಿಲ್ಲದೆ ಹರಿದುಹೋಗುತ್ತಿತ್ತು.

ಮೇಲೆ ಬಂದ ಮಗಳು ಸೊಂಟಕ್ಕೆ ಕೈಯಿಟ್ಟಳು. "ತಾತ! ಹನ್ನೊಂದು ವರ್ಷ ಅಮ್ಮ ಬಕೆಟ್ ಹೊತ್ತಳು. ಒಂದು ಸಲ ಹೇಳಬಾರದಿತ್ತಾ?"

"ನನ್ನ ಯಾರು ಕೇಳಿದ್ರು?" ಎಂದರು ಮಾವ. "ಎಲ್ಲರೂ ಕಟ್ಟಡ ಹಳೇದು, ಕಟ್ಟಡ ಹಳೇದು ಅಂತ ಬೈತಾ ಇದ್ರಿ. ನಾನೂ ಬೈದೆ."

ಗಂಡ ಕುರ್ಚಿಯಲ್ಲಿ ಕುಸಿದ. ಆದರೂ ಸೋಲು ಒಪ್ಪುವ ಜಾಯಮಾನ ಅವನದಲ್ಲ. "ಸರಿ, ಹಲ್ಲು ಕೇಳುತ್ತೆ. ಆದ್ರೆ ಆ ಗೋಡೆ ಸೋರ್ತಿದ್ರೆ ಮೇಲೆ ಕಾಣ್ಬೇಕಲ್ಲ? ಬಣ್ಣ ಗುಳ್ಳೆ ಏಳ್ಬೇಕು, ಉದುರ್ಬೇಕು. ಇಪ್ಪತ್ತು ವರ್ಷದ ಅನುಭವ ಕಣೇ ನಂದು. ಗೋಡೆ ಒಣಗಿತ್ತು!"

ಸೊಸೆ ಟೀ ಲೋಟ ಅವನ ಮುಂದಿಟ್ಟಳು. "ಆ ಬಣ್ಣ ನಿಮ್ಮ ಅಂಗಡೀದೇ ತಾನೆ?"

"ನನ್ನ ಕೈಯಾರೆ ಕಲಸಿದ್ದು!"

"ಎಷ್ಟು ತಗೊಂಡ್ರು?"

"ಒಂದೇ ಡಬ್ಬ."

"ಇಡೀ ಮನೆಗೆ ಒಂದು ಡಬ್ಬ ಸಾಕಾಗುತ್ತಾ?"

"ಇಡೀ ಮನೆಗಲ್ಲ ಕಣೇ, ಒಂದೇ ಗೋಡೆಗೆ ಅಂದ್ರು..." ಗಂಡನ ಲೋಟ ಅರ್ಧ ದಾರಿಯಲ್ಲಿ ನಿಂತಿತು.

"ಬರೀ ಬಣ್ಣ ತಗೊಂಡ್ರಾ? ಅದರ ಕೆಳಗೆ ಹಚ್ಚೋಕೆ ಏನೂ ಕೇಳಲಿಲ್ವಾ?"

ಗಂಡ ಲೋಟದೊಳಗಿನ ಟೀಯ ಬಣ್ಣವನ್ನೇ ನೋಡಿದ.

"ಕೇಳಿದ್ರು," ಎಂದ ಗಂಡ, ಸಣ್ಣ ಗಂಟಲಲ್ಲಿ. "'ಗೋಡೆ ಬೆವರುತ್ತೆ, ಕಾಣದ ಹಾಗೆ ಏನಾದ್ರೂ ಇದೆಯಾ' ಅಂದ್ರು. ತೇವ ತಡೆಯೋ ಪ್ರೈಮರು ನಾನೇ ಕೊಟ್ಟೆ. ಎರಡು ಕೋಟು ಹೊಡೀರಿ, ಮೂರು ದಿನ ಫ್ಯಾನು ಹಾಕಿಡಿ, ಆರು ತಿಂಗಳು ಯಾರಪ್ಪನಿಗೂ ಗೊತ್ತಾಗಲ್ಲ ಅಂತ ನಾನೇ..." ಲೋಟ ಕೆಳಗಿಟ್ಟ.

ಮಗಳು ಮೊದಲು ನಕ್ಕಳು. ಆಮೇಲೆ ಸೊಸೆ. ಮಾವನಿಗೆ ಏನೂ ಕೇಳಿರಲಿಲ್ಲ. ಆದರೆ ಮಗನ ಮುಖ ನೋಡಿ ಅವರೂ ನಕ್ಕರು. ಕೊನೆಗೆ ಗಂಡ. ಅವನ ನಗು ಎಷ್ಟು ದೊಡ್ಡದಾಯಿತೆಂದರೆ, ಕೆಳಗಿನ ಗಿರಾಕಿ ಕ್ಷೌರದ ಕುರ್ಚಿಯಲ್ಲಿ ಬೆಚ್ಚಿ ಅರ್ಧ ಮೀಸೆ ಕಳೆದುಕೊಂಡನಂತೆ.

"ಆ ಬ್ರೋಕರ್ ಫೋನ್ ಮಾಡಿದ್ರೆ ಏನ್ ಹೇಳ್ಲಿ?" ಎಂದ ಕಣ್ಣೊರೆಸಿಕೊಂಡು.

"ಬಣ್ಣ ಚೆನ್ನಾಗಿದೆ, ಮನೆ ಬೇಡ ಅನ್ನಿ," ಎಂದಳು ಸೊಸೆ.

ಹಳೆ ಮನೆಯ ಒಡತಿ ಜಗ್ಗಾಡಲಿಲ್ಲ. ಕಬ್ಬಿಣದ ಕೊಳವೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ತಾನೇ ಮುರಿದುಕೊಂಡಳು. ಮಾವ ಅವಳ ಮನೆಯ ಒಂದೊಂದು ಕೊಳವೆಯನ್ನೂ ಎಲ್ಲರ ಎದುರಿಗೇ ಕಚ್ಚಿ ನೋಡಿದರು. ಅವಳು ಅದನ್ನೂ ಸಹಜವಾಗಿಯೇ ತೆಗೆದುಕೊಂಡು, ಕಚ್ಚಿದ ಕಡೆಯೆಲ್ಲ ಚೀಟಿಯಲ್ಲಿ "ಕೇಳಿ ನೋಡಿದೆ, ಸರಿಯಿದೆ" ಎಂದು ಬರೆದು ತಾರೀಖು ಹಾಕಿದಳು.

ಬಾಡಿಗೆ ಮನೆ ಬಿಡುವ ವಾರ ಮೂರನೇ ಮಹಡಿಯವನು ರಬ್ಬರು ಬದಲಿಸಿದ. ಮರುದಿನ ಬೆಳಿಗ್ಗೆ ಸೊಸೆ ನಲ್ಲಿ ತಿರುಗಿಸಿದರೆ ನೀರು ಅವಳನ್ನು ಬಾಗಿಲವರೆಗೆ ತಳ್ಳಿಕೊಂಡು ಹೋಯಿತು.

"ಅಮ್ಮ, ಹಾಗಾದ್ರೆ ಮನೆ ಯಾಕೆ ಬೇಕು?" ಎಂದಳು ಮಗಳು.

"ನಿನ್ನ ರೂಮಿಗೆ. ತಾತನ ಗೊರಕೆ ಇನ್ನೊಂದು ವರ್ಷ ಕೇಳ್ತೀಯಾ?"

"ಪೆಟ್ಟಿಗೆ ಎಲ್ಲಿ?" ಎಂದು ಮಗಳು ಓಡಿದಳು.

ಹೊಸ ಕೊಳವೆ ಹಾಕಿಸಿಕೊಂಡು ಹಳೆ ಮನೆಗೆ ಬಂದು ಮೂರು ವಾರವಾಯಿತು. ಒಡತಿ "ಇದು ಬಾಕಿ" ಎಂದು ಬರೆದಿದ್ದ ಚೀಟಿಯ ಹಿಂಬದಿಗೆ ಸೊಸೆ ತಾನೇ "ಆಯಿತು" ಎಂದು ಬರೆದು ಅಡುಗೆಮನೆಯ ನಲ್ಲಿಗೆ ಕಟ್ಟಿದ್ದಳು. ಗಂಡ ಅಡುಗೆಮನೆಯ ಗೋಡೆಗೆ, ಹಾಲಿಗೆ ಒಂದು ಹನಿ ಕಾಫಿ ಬಿದ್ದ ಬಣ್ಣವನ್ನೇ ಬಳಿದಿದ್ದ, ಕೆಳಗೆ ಏನನ್ನೂ ಹಚ್ಚದೆ. ಬೇಕಾದರೆ ಉಗುರಿನಿಂದ ಕೆರೆದು ನೋಡಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಮಾವ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು, ಗೋಡೆಯ ಕೊಳವೆಗೆ ಸರಳು ಒತ್ತಿ, ಗುಬಟಿ ಕಚ್ಚಿಕೊಂಡು ಕೂರುತ್ತಿದ್ದರು. ಬೇರೆಯವರು ರೇಡಿಯೊ ಕೇಳಿದ ಹಾಗೆ.

ಅಂದು ಮಧ್ಯಾಹ್ನ ಆಲೂಗಡ್ಡೆ ಬೆಂದಿತು. ಮೊದಲಾಗಿದ್ದರೆ ಮಾವನನ್ನು ಊಟಕ್ಕೆ ಕರೆಯಲು ಮೂವರೂ ಸರದಿಯಲ್ಲಿ ಕೂಗಬೇಕಿತ್ತು. ಜಂಬದ ಮುದುಕ ಬೇಕೆಂದೇ ಬರುವುದಿಲ್ಲ ಎಂದು ಬೈಯಬೇಕಿತ್ತು. ಸೊಸೆ ಸೌಟು ತೆಗೆದುಕೊಂಡು ನಲ್ಲಿಯ ಕೊಳವೆಗೆ ಮೂರು ಸಲ ತಟ್ಟಿದಳು: ಟಣ್, ಟಣ್, ಟಣ್.

ಹಿತ್ತಲಿನಿಂದ ಎರಡು ಪೆಟ್ಟು ಮರಳಿ ಬಂದವು.

"ಬಂದೆ ಅಂತೆ," ಎಂದಳು ಮಗಳು, ತಟ್ಟೆ ಜೋಡಿಸುತ್ತ.

ಸ್ವಲ್ಪ ತಡೆದು ಇನ್ನೂ ನಾಲ್ಕು ಪೆಟ್ಟು ಬಂದವು, ಕೊಂಚ ಜೋರಾಗಿ.

"ಇದೇನು?" ಎಂದ ಗಂಡ.

ಮಾವ ಸರಳನ್ನು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದರು. ಮೊಮ್ಮಗಳನ್ನೇ ನೋಡಿ ಹೇಳಿದರು: "ಮುಖ ತೊಳೆದು ಬಂದೋಳು ನಲ್ಲಿ ಸರಿಯಾಗಿ ಮುಚ್ಚಿ ಬಾ. ನನಗೆ ಕೇಳಿಸಲ್ಲ ಅಂದ್ಕೊಂಡಿದೀಯಾ?"

ಮಗಳು ತಟ್ಟೆ ಬಿಟ್ಟು ಓಡಿದಳು. ಮಾವ ಮೇಜಿನ ತಲೆಯ ಕಡೆ, ತಮ್ಮ ಹಳೆಯ ಜಾಗದಲ್ಲಿ ಕೂತು, ಆಲೂಗಡ್ಡೆಗೆ ಉಪ್ಪು ಹಾಕಿಕೊಂಡರು.